ಅಪ್ರೂವ್ ಆದ ರೊಟ್ಟಿ

ನವನಗರದ ಹನುಮವ್ವನ ಖಡಕ್ ರೊಟ್ಟಿ ತಿಂದವರು ಸುಮ್ಮನೆ ಎದ್ದು ಹೋದದ್ದಿಲ್ಲ. ‘ಇನ್ನೊಂದು ಹಾಕಬೇ’ ಅನ್ನುತ್ತಾರೆ, ಇಲ್ಲವೆ ‘ಉಪ್ಪು ಕಮ್ಮಿ ಆತು’ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಇಪ್ಪತ್ತು ವರ್ಷ ಮನೆಮನೆಗೆ ರೊಟ್ಟಿ ಹೊತ್ತವಳಿಗೆ ಎರಡೂ ಮಾತು ತಿಳಿಯುತ್ತಿದ್ದವು. ಏನೂ ತಿಳಿಯದೆ ಕೂತದ್ದು ಒಂದೇ ದಿನ, ಅದೂ ಒಪ್ಪಿಗೆ ಸಿಕ್ಕ ದಿನವೇ ನೋಡಿ!

ಧಾರವಾಡದ ಮಾಳಮಡ್ಡಿಯ ಋತುಜಾ ತಮ್ಮ ತಂಗಿಯ ಮದುವೆಗೆ ಐನೂರು ರೊಟ್ಟಿ ಕೇಳಿದ್ದರು. ಮೊದಲು ಹತ್ತು ಕಳಿಸಿ, ಮೆಚ್ಚಿದರೆ ಆರ್ಡರು ಅಂದಿದ್ದರು. ಹನುಮವ್ವನಿಗೆ ಇಂಥ ದೊಡ್ಡ ಕೆಲಸ ಇದೇ ಮೊದಲು. ಓಣಿಯ ನಾಲ್ಕು ಹೆಣ್ಣುಮಕ್ಕಳಿಗೆ ‘ನಾಳಿಂದ ಬರ್ರಿ’ ಎಂದು ಹೇಳಿಯೂ ಆಗಿತ್ತು. ಜೊತೆಗೆ ರೊಟ್ಟಿ ಬಡಿಯುವ ನಾಹಿದಾ ಬೆಳಿಗ್ಗೆ ಡಬ್ಬಿ ಒಯ್ದು, ಬಾಗಿಲಲ್ಲೇ ರೊಟ್ಟಿ ಕೊಟ್ಟು, ಡಬ್ಬಿ ಇಸಿದುಕೊಂಡು ಮಧ್ಯಾಹ್ನ ತಿರುಗಿ ಬಂದಳು. ಹಿಂದೆಯೇ ಅವಳ ಫೋನಿಗೆ ಒಂದೇ ಶಬ್ದ ಬಂತು: ಅಪ್ರೂವ್ಡ್.

“ಹಂಗಂದ್ರ?”

“ಒಪ್ಪಿಗಿ ಕೊಟ್ಟಾರಕ್ಕಾ. ರಜಾ ಅಪ್ರೂವ್ ಆತು, ಪ್ಲಾನ್ ಅಪ್ರೂವ್ ಆತು ಅಂತಾರಲ್ಲ, ಹಂಗ.”

ಹನುಮವ್ವ ಡಬ್ಬಿ ತೆರೆದಳು. ತೊಳೆದು ಒರೆಸಿದ ಖಾಲಿ ಡಬ್ಬಿ! ತಿನ್ನಲು ಕೊಟ್ಟ ಡಬ್ಬಿಯನ್ನು ಯಾರೂ ಬರಿದೇ ಕಳಿಸುವುದಿಲ್ಲ. ಚಿಟಿಕೆ ಸಕ್ಕರೆಯನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಹಾಕುತ್ತಾರೆ. ಬರಿದೇ ಬಂತೆಂದರೆ ‘ಇನ್ನು ತರಬೇಡ’ ಎಂದೇ ಅವಳ ನಂಬಿಕೆ. ಫೋನು ಹೂಂ ಅನ್ನುತ್ತದೆ, ಡಬ್ಬಿ ಊಹೂಂ ಅನ್ನುತ್ತದೆ. ಯಾವುದನ್ನು ನಂಬಬೇಕು?

“ರೊಟ್ಟಿಗೆ ಛಲೋ ಅನ್ಬೇಕು, ಇಲ್ಲಾ ಕೆಟ್ಟ ಅನ್ಬೇಕು. ಇದ್ಯಾವ ಮಾತಬೇ? ಜಾಲಿಗಿಡ ಬೆಳದ ಸೈಟಿನ ಮುಂದೂ ಅಪ್ರೂವ್ಡ್ ಅಂತ ಬೋರ್ಡ್ ಹಾಕ್ಯಾರಂತ ನೀನ ಓದಿ ಹೇಳಿದ್ದಿ!”

ಹಿಟ್ಟು ಬೀಸಿಟ್ಟಿತ್ತು. ಬೆಳಕು ಹರಿದರೆ ಒಲೆ ಹೊತ್ತಬೇಕು. ತಲೆ ಕೆಟ್ಟು ಮೊಸರುಗಡಿಗೆಯಾದ ಹನುಮವ್ವ ಸಂಜೆಯ ಬಸ್ಸು ಹತ್ತಿ ಮಾಳಮಡ್ಡಿಗೆ ಹೋಗೇಬಿಟ್ಟಳು.

“ಬರ್ರಿ ಹನುಮವ್ವಾ,” ಎಂದರು ಋತುಜಾ. “ಮೆಸೇಜ್ ಮುಟ್ಟಲಿಲ್ಲೇನು?”

“ಮುಟ್ಟೈತ್ರಿ. ಮಾಡಲೋ ಬ್ಯಾಡೋ ತಿಳೀಲಿಲ್ರಿ ಅಕ್ಕಾರ.”

“ಅಯ್ಯ, ಮಾಡ್ರಿ! ಎಲ್ಲಾರೂ ಅಪ್ರೂವ್ ಮಾಡ್ಯಾರ.”

“ತಿಂದ್ ನೋಡಿದ್ರೇನ್ರಿ?”

“ಇವತ್ತ ಮನ್ಯಾಗ ಎಲ್ಲಾರದೂ ಏಕಾದಶಿ ಅದ, ರೊಟ್ಟಿ ಹೆಂಗ ತಿನ್ನೋದು? ಗ್ರೂಪಿಗೆ ಫೋಟೋ ಹಾಕಿದೆ. ಪುಣೆದ ಬೀಗರೂ ಭಾಳ ಛಂದ ಅವ ಅಂದ್ರು.”

ಮೇಜಿನ ಮೇಲೆ ಹತ್ತೂ ರೊಟ್ಟಿ ಮುರಿಯದೆ ಕೂತಿದ್ದವು. ಋತುಜಾ ಕೆಟ್ಟವರಲ್ಲ, ಕೂಡಿಸಿ ಚಹಾ ಕೊಟ್ಟರು, ಸ್ಕೂಟರಿನಲ್ಲಿ ಬಸ್ ನಿಲ್ದಾಣದವರೆಗೂ ಬಿಟ್ಟರು. ಖಾಲಿ ಡಬ್ಬಿಯ ಮಾತನ್ನು ಹನುಮವ್ವ ಎತ್ತಲಿಲ್ಲ. ಯಾವ ಬಾಯಿಂದ ಕೇಳುವುದು? ಕೆಲಸ ಕೈಗೆ ಬಂದಿತ್ತು, ಖುಷಿಪಡಬೇಕಿತ್ತು. ಬಸ್ಸಿನಲ್ಲಿ ಅಳು ಯಾಕೆ ಉಕ್ಕಿ ಬರುತ್ತಿದೆ ಎಂಬುದು ಮಾತ್ರ ಅವಳಿಗೇ ಗೊತ್ತಾಗಲಿಲ್ಲ.

ನಾಹಿದಾ ಕಟ್ಟೆಯ ಮೇಲೇ ಕಾಯುತ್ತಿದ್ದಳು. “ಏನಂದ್ರಕ್ಕಾ?”

“ನಾಳಿಂದ ಒಲಿ ಹಚ್ಚೋದೈತಿ.”

“ಮತ್ತ ಮಾರಿ ಯಾಕ ಸಣ್ಣ ಮಾಡ್ಕೊಂಡಿ?”

ಹನುಮವ್ವ ಒಳಗಿನ ಬುಟ್ಟಿಯಿಂದ ಬೆಳಗಿನ ರೊಟ್ಟಿಯೊಂದನ್ನು ತಂದು, ಮುರಿದು, ಅವಳ ಕೈಗೆ ಕೊಟ್ಟಳು. “ನೀನರ ತಿಂದು ಹೇಳಬೇ. ಖರೇ ಛಲೋ ಆಗ್ಯಾವೇನು?”

ಹನ್ನೆರಡು ವರ್ಷ ಅದೇ ರೊಟ್ಟಿ ತಿಂದ ನಾಹಿದಾ ನಗಲು ಹೋದವಳು ಆ ಮುಖ ನೋಡಿ, ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿಯತೊಡಗಿದಳು. ಹನುಮವ್ವ ಅವಳ ಬಾಯಿಯನ್ನೇ ನೋಡುತ್ತ ಕೂತಳು.