ತಟ್ಟೆಯೊಳಗಿನ ಮೂರು ಗುಂಡು

ನಮ್ಮ ಪಕ್ಕದ ಮನೆಯ ಡಾಕ್ಟರ ಬಲ ಹುಬ್ಬಿನ ನಡುವೆ ಅರ್ಧಚಂದ್ರದಂಥ ಒಂದು ಗಾಯದ ಗುರುತಿದೆ. ಅಲ್ಲಿ ಕೂದಲು ಬೆಳೆಯುವುದಿಲ್ಲ. ನಕ್ಕರೆ ಆ ಹುಬ್ಬು ಎರಡು ತುಂಡಾಗಿ ಬೇರೆ ಬೇರೆ ಕುಣಿಯುತ್ತದೆ. ಕೆನಡಾದ ಸ್ಕಾರ್‌ಬರೋದಲ್ಲಿ ಮೂವತ್ತೈದು ವರ್ಷ ಜನರ ಕಣ್ಣು ನೋಡಿದ ಡಾಕ್ಟರಿಗೆ ತಮ್ಮ ಕಣ್ಣಿನ ಮೇಲೇ ಇಂಥ ಗುರುತು ಹೇಗಾಯಿತು ಎಂದು ರೋಗಿಗಳು ಕೇಳಿದರೆ, ಕಪಾಟಿನ ಬಾಗಿಲು ಬಡಿಯಿತು ಎಂದು ಹೇಳುತ್ತಿದ್ದರಂತೆ. ನನಗೆ ನಿಜ ಹೇಳಿದರು. ಬೇಟೆಯ ರೈಫಲ್ಲನ್ನು ಹೊಸದಾಗಿ ಕೊಂಡಾಗ ಅದರ ದುರ್ಬೀನಿಗೆ ಕಣ್ಣನ್ನು ತೀರಾ ಹತ್ತಿರ ಇಟ್ಟು ಗುಂಡು ಹಾರಿಸಿದ್ದರು. ರೈಫಲ್ಲು ಹಿಂದಕ್ಕೆ ಒದ್ದು, ದುರ್ಬೀನಿನ ಅಂಚು ಹುಬ್ಬಿಗೆ ಬಂದು ಬಡಿದಿತ್ತು.

"ಫಸ್ಟ್ ಡೇನೇ ಸೈನ್ ಹಾಕ್ಬಿಡ್ತು ನೋಡು. ಆಮೇಲೆ ಬಿಡೋಕಾಗುತ್ತಾ?" ಎಂದಿದ್ದರು.

ನಾವು ವುಡ್‌ಬ್ರಿಡ್ಜ್‌ನಲ್ಲಿ ಮನೆ ಕೊಂಡಾಗ ಪಕ್ಕದವರು ಕನ್ನಡದವರೆಂದು ಗೊತ್ತಿರಲಿಲ್ಲ. ಸಾಮಾನಿನ ಟ್ರಕ್ಕು ಬಂದು ನಿಂತಿತ್ತು. ನಾನು ಗಂಡನ ಮೇಲೆ ರೇಗುತ್ತಿದ್ದೆ, "ನಿಧಾನ ರೀ, ಗ್ರೈಂಡರು ಅದು!" ಎಂದು. ಬೇಲಿಯ ಆಚೆಯಿಂದ ಒಂದು ಗಂಭೀರ ದನಿ, "ಟೇಬಲ್ ಟಾಪಾ, ಟಿಲ್ಟಿಂಗಾ?" ಎಂದು ಕೇಳಿತು. ಪರಿಚಯವಾದದ್ದು ಹೀಗೆ. ಅವರು ಕೊಡಗಿನವರು, ಆಗಲೇ ನಿವೃತ್ತರು. ನಾನು ಮೈಸೂರಿನವಳು, ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯವಳು. ಸಾಫ್ಟ್‌ವೇರು ಬಿಡುಗಡೆಯಾಗುವ ಮುಂಚೆ ಪರೀಕ್ಷೆ ಮಾಡುವುದು ನನ್ನ ಕೆಲಸ, ಅಂದರೆ ಬೇರೆಯವರ ತಪ್ಪು ಹುಡುಕುವುದೇ ನನ್ನ ಉದ್ಯೋಗ. ನಾನು ಅವರನ್ನು ಡಾಕ್ಟ್ರೇ ಎಂದೆ, ಅವರು ನನ್ನನ್ನು ಮೈಸೂರು ಎಂದರು. ಅವರ ಹೆಂಡತಿ ಒಂದೇ ವಾರದಲ್ಲಿ ನಮ್ಮೆಲ್ಲರಿಗೂ ಆಂಟಿಯಾದರು.

ಡಾಕ್ಟರ ಬಾಯಲ್ಲಿ ಸದಾ ಇದ್ದ ಮಾತು, "ನೋಡಿ ಹೇಳ್ತೀನಿ." ಮಳೆ ಬರುತ್ತಾ ಎಂದು ಕೇಳಿದರೂ ಅದೇ ಉತ್ತರ, ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದರೂ ಅದೇ. ಸುಮ್ಮನೆ ಹೇಳುವ ಮಾತಲ್ಲ ಅದು. ಎದ್ದು ಹೊರಗೆ ಹೋಗಿ ಆಕಾಶ ನೋಡಿಕೊಂಡು ಬಂದೇ ಹೇಳುತ್ತಿದ್ದರು. ಆಂಟಿ ಬೇಸತ್ತು, "ಮದುವೆಗೆ ಒಪ್ಪಿಗೆ ಕೇಳ್ದಾಗ್ಲೂ ಹೀಗೇ ಅಂದಿದ್ರು. ಅಲ್ಲೇ ಎದ್ದು ಹೋಗ್ಬೇಕಿತ್ತು ನಾನು" ಎನ್ನುತ್ತಿದ್ದರು.

ರೈಫಲ್ಲನ್ನು ನಾನು ಮೊದಲು ನೋಡಿದ್ದು ಸೆಪ್ಟೆಂಬರಿನಲ್ಲಿ, ಅವರ ಮನೆಯ ಕೈಲ್ ಮುಹೂರ್ತದ ದಿನ. ಕೊಡಗಿನವರು ಅಂದು ಕೋವಿಗೆ ಪೂಜೆ ಮಾಡುತ್ತಾರೆ. ಬೇಸ್‌ಮೆಂಟಿನ ಕಬ್ಬಿಣದ ಕಪಾಟಿನಿಂದ ಅದನ್ನು ತಂದು, ಮಣೆಯ ಮೇಲೆ ಇಟ್ಟು, ನಳಿಗೆಯ ತುದಿಗೆ ಹಿತ್ತಲಿನ ಕೆಂಪು ಹೂವೊಂದನ್ನು ಸಿಕ್ಕಿಸಿದ್ದರು. ಹಳೆಯ ಮರದ ಹಿಡಿ, ಕೆನ್ನೆ ಒತ್ತುವ ಜಾಗದಲ್ಲಿ ಸವೆದು ನುಣುಪಾಗಿತ್ತು. ಆಂಟಿ ನಮಗಾಗಿ ಅಣಬೆ ಸಾರು ಮಾಡಿದ್ದರು. ಅಕ್ಕಿತರಿಯ ಉಂಡೆ ಕಡಂಬುಟ್ಟನ್ನು ಸಾರಿನಲ್ಲಿ ಅದ್ದುತ್ತಾ ನಾನು ಅಭ್ಯಾಸಬಲದಿಂದ ಕೇಳಿದೆ, "ಡಾಕ್ಟ್ರೇ, ಇದರ ಆಕ್ಯುರಸಿ ಎಷ್ಟು?"

"ಬಾ ಒಂದಿನ. ನೋಡಿ ಹೇಳ್ತೀನಿ."

ವಾನ್ ಪಟ್ಟಣ ದಾಟಿ ಉತ್ತರಕ್ಕೆ ಒಂದು ಗಂಟೆ ದೂರದ ಶೂಟಿಂಗ್ ಮೈದಾನಕ್ಕೆ ಕರೆದುಕೊಂಡು ಹೋದರು. ಅಕ್ಕಪಕ್ಕದಲ್ಲಿ ಹೊಳೆಯುವ ಹೊಸ ರೈಫಲ್ಲುಗಳು, ಮರಳುಚೀಲದ ಆಸರೆ, ಗುಂಡಿನ ತೂತುಗಳ ನಡುವಿನ ಅಂತರ ಅಳೆಯುವ ಉಪಕರಣಗಳು. ಒಬ್ಬಾತ ಐದು ಗುಂಡುಗಳನ್ನು ಒಂದು ಕಾಸಿನಗಲ ಕೂರಿಸಿ ಅದರ ಫೋಟೋ ತೆಗೆಯುತ್ತಿದ್ದ. ನಮ್ಮ ಡಾಕ್ಟರು ಚೀಲದಿಂದ ತೆಗೆದದ್ದು ಕನ್ನಡ ಸಂಘದ ಯುಗಾದಿಯಲ್ಲಿ ಉಳಿದ ಪೇಪರ್ ಪ್ಲೇಟು! ಪ್ರಸಾದ ಹಂಚುವ ಚಿಕ್ಕದು, ಅಗಲ ಆರಿಂಚು. "ಮೈಸೂರು, ನಿನ್ನ ಪರ್ಸಲ್ಲಿ ಬೊಟ್ಟು ಇದ್ಯಾ? ದೊಡ್ಡದು ಕೊಡು" ಎಂದು ಅದನ್ನು ತಟ್ಟೆಯ ನಡುವೆ ಅಂಟಿಸಿದರು. ನೂರು ಗಜ ದೂರದಲ್ಲಿ ತಟ್ಟೆ ನೆಟ್ಟು ಬಂದರು. ಮೇಜು ಬಿಟ್ಟು ನೆಲಕ್ಕೆ ಮಂಡಿಯೂರಿದರು. ಒಂದೇ ಗುಂಡು. ಬೊಟ್ಟಿನಿಂದ ಎರಡು ಬೆರಳು ಆಚೆ ತೂತು. ರೈಫಲ್ಲನ್ನು ಚೀಲಕ್ಕೆ ಹಾಕಿ, "ಆಯ್ತು, ಇಡ್ಲಿ ತೆಗಿ" ಎಂದರು.

ನನಗೆ ಪಿಚ್ಚೆನಿಸಿತು. ಇಷ್ಟು ದೂರ ಬಂದದ್ದು ಒಂದು ಗುಂಡಿಗಾ? ಪಕ್ಕದವನ ಗುರಿಹಲಗೆಯ ಕಡೆ ಕಣ್ಣು ಹಾಯಿಸಿದೆ. ಅವರಿಗೆ ಗೊತ್ತಾಯಿತು.

"ಅವನ ಕೋವಿ ಒಳ್ಳೇದೇ. ಆದರೆ ಕಾಡಲ್ಲಿ ಅವನಿಗೆ ಮೇಜು ಯಾರು ತಂದ್ಕೊಡ್ತಾರೆ? ಅಲ್ಲಿ ಕೋವಿ ತಣ್ಣಗಿರುತ್ತೆ, ನಮ್ಮ ಎದೆ ಹೊಡ್ಕೊಳ್ತಿರುತ್ತೆ. ಸಿಗೋದು ಫಸ್ಟ್ ಶಾಟ್ ಒಂದೇ. ಈ ಕೋವಿಯಿಂದ ನಾನು ಕೇಳೋದು ಎರಡಿಂಚು. ನನ್ನಿಂದ ಇನ್ನೂ ನಾಲ್ಕು ಕೆಡುತ್ತೆ ಅಂತ ಇಟ್ಕೋ. ಎರಡೂ ಸೇರಿ ಈ ತಟ್ಟೆಯೊಳಗೆ ಇರ್ಬೇಕು. ಜಿಂಕೆಯ ಎದೆಗೂಡು ಇದಕ್ಕಿಂತ ದೊಡ್ಡದು. ಸಾಕಲ್ಲ?"

"ಹೊರಗೆ ಹೋದ್ರೆ?"

ಅವರು ಇಡ್ಲಿ ಕೆಳಗಿಟ್ಟರು. ಹಿಂದೊಮ್ಮೆ ಒಂದು ಜಿಂಕೆಗೆ ಹೊಟ್ಟೆಯಲ್ಲಿ ಗುಂಡು ಬಿದ್ದು, ಅದು ರಕ್ತ ಸುರಿಸಿಕೊಂಡು ಓಡಿಹೋಗಿ, ಎರಡು ದಿನ ಹುಡುಕಿದರೂ ಸಿಕ್ಕಿರಲಿಲ್ಲವಂತೆ. ಎಪ್ಪತ್ತು ತುಂಬಿದ ವರ್ಷ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದರು. ನವೆಂಬರಿನ ಬೇಟೆಗೆ ಮುಂಚೆ ಮೂರು ಬೇರೆ ಬೇರೆ ದಿನ, ದಿನಕ್ಕೆ ಒಂದೇ ಗುಂಡು. ಮೂರೂ ತಟ್ಟೆಯೊಳಗೆ ಬಿದ್ದರೆ ಕಾಡಿಗೆ ಹೋಗುವುದು. ಒಂದು ಹೊರಗೆ ಬಿದ್ದರೂ ಬೇಟೆ ಶಾಶ್ವತವಾಗಿ ಬಿಡುವುದು. ಶಾಶ್ವತವಾಗಿ ಯಾಕೆ, ಮುಂದಿನ ವರ್ಷ ನೋಡಬಹುದಲ್ಲ ಎಂದು ಕೇಳಿದ್ದಕ್ಕೆ, "ಮುಂದಿನ ವರ್ಷ ನಂಗೆ ವಯಸ್ಸು ಕಮ್ಮಿ ಆಗುತ್ತಾ?" ಎಂದು ನಕ್ಕರು. ಹುಬ್ಬಿನ ಎರಡು ತುಂಡೂ ಕುಣಿದವು.

ಅವರ ಜೊತೆ ಓಡಾಡಿ ನನಗೂ ಹುಚ್ಚು ಹಿಡಿಯಿತು. ತರಗತಿಗೆ ಹೋಗಿ, ಪರೀಕ್ಷೆ ಬರೆದು ಲೈಸೆನ್ಸು ಪಡೆದೆ. ಪ್ರಾಣಿಗೆ ಹೊಡೆಯುವ ಮಾತೇ ಇಲ್ಲ, ನನ್ನದು ಶುದ್ಧ ಸಸ್ಯಾಹಾರಿ ಗುರಿ, ಕಾಗದದ ತಟ್ಟೆಗೆ ಮಾತ್ರ. ಮೊದಲ ಸಲ ತಟ್ಟೆಗೆ ಗುಂಡು ತಗುಲಿದಾಗ ನಾನು ಕುಣಿದ ಕುಣಿತಕ್ಕೆ ಮೈದಾನದ ಮೇಲ್ವಿಚಾರಕ ಬಂದು ಏನಾಯಿತೆಂದು ವಿಚಾರಿಸಿದ್ದ. ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಕೆನಡಾಕ್ಕೆ ಕಳ್ಸಿದ್ದು ಇದಕ್ಕಾ?" ಎಂದಳು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಲೈಸೆನ್ಸು ಸಿಕ್ಕ ವರ್ಷ ನಮ್ಮ ಮನೆಯ ಆಯುಧಪೂಜೆಗೆ ಡಾಕ್ಟರನ್ನು ರೈಫಲ್ಲಿನ ಸಮೇತ ಕರೆದಿದ್ದೆ. ಕಾರು, ಲ್ಯಾಪ್‌ಟಾಪು, ಗ್ರೈಂಡರು ಎಲ್ಲವನ್ನೂ ಉಜ್ಜಿ ಇಟ್ಟಿದ್ದೆ. ಅವರು ಮೇಲೆ ಕಾಫಿ ಕುಡಿಯುತ್ತಾ ನನ್ನ ಗಂಡನ ಜೊತೆ ಹರಟುತ್ತಿದ್ದಾಗ, ಬೇಸ್‌ಮೆಂಟಿನಲ್ಲಿ ನಾನು ರೈಫಲ್ಲನ್ನೂ ಉಜ್ಜತೊಡಗಿದೆ. ಪೂಜೆಗೆ ಇಡುವ ವಸ್ತುವಿನಲ್ಲಿ ಕೊಳೆ ಇರಬಾರದು, ನಮ್ಮಮ್ಮ ಕಲಿಸಿದ್ದು ಅದು. ನಳಿಗೆಯೊಳಗೆ ಬಟ್ಟೆ ತೂರಿಸಿ, ಅದು ಬೆಳ್ಳಗೆ ಹೊರಬರುವವರೆಗೆ ಮಸಿ ತೆಗೆದೆ. ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿದೆ. ಮರದ ಹಿಡಿಗೂ ನಳಿಗೆಗೂ ನಡುವೆ ಕೂತ ಜಿಡ್ಡು ಕಣ್ಣಿಗೆ ಚುಚ್ಚಿತು. ಕೆಳಗಿನ ಎರಡು ಸ್ಕ್ರೂ ಬಿಚ್ಚಿ, ಒರೆಸಿ, ಕೈ ಅಂದಾಜಿನಲ್ಲಿ ಮತ್ತೆ ಬಿಗಿದೆ. ಗಂಧ, ಕುಂಕುಮ, ಚೆಂಡುಹೂ ಇಟ್ಟೆ. ಅವರು ಕೆಳಗೆ ಬಂದು, "ಏನು, ಮದುಮಗಳ ಹಾಗೆ ಕಾಣ್ತಿದೆ!" ಎಂದರು. ಹೊರಗಿನಿಂದ ಒರೆಸಿದ್ದಾಳೆ ಎಂದುಕೊಂಡಿರಬೇಕು. ಹೊಗಳಿಕೆಗೆ ಉಬ್ಬಿದ ನಾನು ಬಿಡಿಸಿ ಹೇಳಲಿಲ್ಲ.

ಮುಂದಿನ ವಾರ ಮೂರು ದಿನಗಳ ಪರೀಕ್ಷೆಯ ಮೊದಲ ದಿನ. ಮಂಡಿಯೂರಿದರು, ಹಾರಿಸಿದರು. ನಾನು ದೂರದರ್ಶಕದಲ್ಲಿ ನೋಡಿದೆ, ತಟ್ಟೆಯಲ್ಲಿ ತೂತೇ ಇಲ್ಲ. ತಟ್ಟೆಯ ಎಡಕ್ಕೆ, ಹಿಂದಿನ ರಟ್ಟಿನಲ್ಲಿ ಬೆಳಕು ಕಾಣುತ್ತಿತ್ತು.

"ಇನ್ನೊಂದ್ಸಲ ಹೊಡೆದು ನೋಡಿ ಡಾಕ್ಟ್ರೇ."

"ಜಿಂಕೆ ಇನ್ನೊಂದ್ಸಲ ನಿಂತ್ಕೊಳ್ಳುತ್ತಾ?"

ಹಿಂದಿರುಗುವಾಗ ಕಾರಿನಲ್ಲಿ ತಮ್ಮ ಬಲಗೈಯನ್ನು ತೊಡೆಯ ಮೇಲೆ ಮೇಲುಮುಖವಾಗಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಜನರ ಕಣ್ಣಿಗೆ ಕೂದಲೆಳೆಗಿಂತ ಸಣ್ಣ ಹೊಲಿಗೆ ಹಾಕಿದ ಕೈ ಅದು. "ಆಗಸ್ಟಲ್ಲಿ ಗುರಿ ಸೆಟ್ ಮಾಡಿದ್ಮೇಲೆ ನಳಿಗೆ ಕ್ಲೀನ್ ಮಾಡಿಲ್ಲ, ಸ್ಕ್ರೂ ಮುಟ್ಟಿಲ್ಲ. ಕೋವಿ ಹಾಗೇ ಇದೆ. ಬದಲಾಗಿರೋದು ನಾನೊಬ್ನೇ" ಎಂದರು.

ಆ ಎರಡನ್ನೂ ಮಾಡಿದ್ದವಳು ನಾನು. ಆಫೀಸಿನಲ್ಲಿ ಯಾರಾದರೂ ಹೇಳದೆ ಕೇಳದೆ ಒಂದು ಅಕ್ಷರ ಬದಲಿಸಿದರೂ ಮೈಮೇಲೆ ಬೀಳುವವಳು ನಾನು! ಆ ಕ್ಷಣವೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಮರುದಿನವೂ ಇಲ್ಲ. ಆಂಟಿ ಬೇಲಿಯ ಬಳಿ ಸಿಕ್ಕಿ, "ಶನಿವಾರ ಯಾರೋ ಕೋವಿ ನೋಡೋಕೆ ಬರ್ತಾರಂತೆ. ಮಾರ್ತಾರಂತೆ. ಊಟ ಕೂಡ ಸರಿಯಾಗಿ ಮಾಡ್ತಿಲ್ಲ" ಎಂದರು. ಅದೇ ಸಂಜೆ ಹೋಗಿ, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒದರಿಬಿಟ್ಟೆ. ಮಸಿ, ಎಣ್ಣೆ, ಸ್ಕ್ರೂ, ಎಲ್ಲ.

ಬೈಯುತ್ತಾರೆ ಎಂದು ಕಾದೆ. ಅವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದರು. "ಪಾಪ, ಎರಡು ದಿನದಿಂದ ಇದಕ್ಕೆ ಬೈದದ್ದೂ ಬೈದದ್ದೇ. ಸಾರಿ ಕಣೋ" ಎಂದು ಕೈಗೆ ಹೇಳಿ, ನನ್ನತ್ತ ತಿರುಗಿ ಗಹಗಹಿಸಿ ನಗತೊಡಗಿದರು. ಆಂಟಿಯೂ ನಕ್ಕರು. ನಾನು ಅಳುತ್ತಾ ನಕ್ಕೆ. "ನಳಿಗೆಯಲ್ಲಿ ಒಂದಿಷ್ಟು ಮಸಿ ಇರ್ಬೇಕು ಮೈಸೂರು. ಅದು ಕೊಳೆ ಅಲ್ಲ, ಅದಕ್ಕೆ ಒಗ್ಗಿರೋ ಅಂಗಿ. ನೀನು ಅದಕ್ಕೆ ಎಣ್ಣೆಸ್ನಾನ ಮಾಡ್ಸಿ, ಬಟ್ಟೆ ಇಲ್ದೆ ನಿಲ್ಸಿದೀಯ!" ಎಂದರು. ಮೂರು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸ್ಕ್ರೂಗಳನ್ನು ಸರಿಯಾಗಿ ಬಿಗಿದು, ಕೆಲವು ಗುಂಡು ಹಾರಿಸಿ ನಳಿಗೆಗೆ ಮಸಿ ಹಿಡಿಸಿ, ಗುರಿ ಹೊಂದಿಸಿಕೊಂಡು ಪರೀಕ್ಷೆಯನ್ನು ಮೊದಲಿನಿಂದ ಶುರುಮಾಡಿದರು. ಮೂರು ದಿನ, ಮೂರು ಗುಂಡು, ಮೂರೂ ತಟ್ಟೆಯೊಳಗೆ. ಕೊನೆಯದು ನನ್ನ ಬೊಟ್ಟನ್ನೇ ಹಾರಿಸಿಕೊಂಡು ಹೋಗಿತ್ತು. ಅವರು ಆ ತಟ್ಟೆಯನ್ನು ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದರು. ಆಂಟಿ ಅದರ ಕೆಳಗೆ ಡಯಾಬಿಟೀಸು ಮಾತ್ರೆಯ ಪಟ್ಟಿ ಅಂಟಿಸಿದರು. ಆ ನವೆಂಬರಿನಲ್ಲಿ ಡಾಕ್ಟರು ಉತ್ತರದ ಕಾಡಿಗೆ ಹೋದರು, ಅದರ ಮುಂದಿನ ಎರಡು ವರ್ಷವೂ ಹೋದರು. ತಂದ ಜಿಂಕೆ ಮಾಂಸಕ್ಕೆ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ ಸಾರು ಮಾಡಿದ ದಿನ ನಮ್ಮ ಮನೆಯ ಕಿಟಕಿಗಳನ್ನು ಮುಚ್ಚಿಕೊಂಡು, ಸಂಜೆ ಅವರ ಮನೆಗೆ ಹೋಗಿ ಅಣಬೆ ಸಾರು ಉಂಡು ಬರುವುದು ನಮ್ಮ ಹಬ್ಬದ ಕ್ರಮವಾಯಿತು.

ಹೋದ ವರ್ಷದ ಪರೀಕ್ಷೆ. ಆಯುಧಪೂಜೆಗೆ ಮುಂಚೆಯೇ ಹಾರಿಸಿದ ಮೊದಲ ದಿನದ ಗುಂಡು ಒಳಗೆ. ಎರಡನೆಯ ದಿನ ಬಿಸಿಲು, ಗಾಳಿಯಿಲ್ಲ. ಅವರು ಮಂಡಿಯೂರಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಹಾರಿಸಿದರು. ತಟ್ಟೆಗೆ ಮೂರು ಬೆರಳು ಕೆಳಗೆ ತೂತು ಬಿದ್ದಿತ್ತು.

ರೈಫಲ್ಲನ್ನು ಖಾಲಿ ಮಾಡಿ, ಎರಡು ಸಲ ನೋಡಿಕೊಂಡು ಕೆಳಗಿಟ್ಟರು. ಆಮೇಲೆ ನನ್ನತ್ತ ತಿರುಗಿದರು. ಆ ಮುಖದಲ್ಲಿ ಇದ್ದದ್ದು ಆಸೆ, ಅದನ್ನು ಅಡಗಿಸುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

"ಮೈಸೂರು, ಈ ಸಲಾನೂ ಏನಾದ್ರೂ ತೊಳೆದ್ಯಾ?"

ಆಯುಧಪೂಜೆ ಆಗಿ ನಾಲ್ಕೇ ದಿನವಾಗಿತ್ತು. ಹೌದು ಎಂದರೆ ಸಾಕಿತ್ತು. ಬೈಗುಳ ಕೂಡ ಸಿಗುತ್ತಿರಲಿಲ್ಲ, ನಗುತ್ತಾ ಮನೆಗೆ ಹೋಗಿ ಮತ್ತೆ ಗುರಿ ಹೊಂದಿಸುತ್ತಿದ್ದೆವು. ಆ ಒಂದು ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರನ್ನು ನಾನು ಅಷ್ಟು ಪ್ರೀತಿಸುತ್ತೇನೆ.

"ಇಲ್ಲ ಡಾಕ್ಟ್ರೇ. ಹೂ ಮಾತ್ರ ಇಟ್ಟಿದ್ದೆ."

"ಸರಿ," ಎಂದರು. ಒಂದು ಕ್ಷಣ ಕಾಡಿನ ಕಡೆ ನೋಡಿದರು. "ಹಾಗಾದ್ರೆ ಇದು ನಂದೇ. ಇಡ್ಲಿ ತೆಗಿ, ಹಸಿವಾಗ್ತಿದೆ."

ಮನೆಗೆ ಬಂದು ಆಂಟಿಗೆ, "ಇವತ್ತು ಎರಡನೇ ಸಲ ರಿಟೈರ್ ಆದೆ" ಎಂದು ಹೇಳಿದರು. ನವೆಂಬರಿನಲ್ಲಿ ಗೆಳೆಯರ ಜೊತೆ ಕಾಡಿಗೇನೋ ಹೋದರು, ಆದರೆ ಅಡುಗೆಯವರಾಗಿ. ಅಕ್ಕಿಹಿಟ್ಟಿನ ಚೀಲ, ಕಾಚಂಪುಳಿ ಬಾಟಲಿ, ಆಂಟಿಯ ಅತಿ ದೊಡ್ಡ ಪಾತ್ರೆ ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಹೊರಟಾಗ ಮದುವೆಮನೆಗೆ ಹೊರಟವರ ಉತ್ಸಾಹವಿತ್ತು. ಅವರ ಅಡುಗೆ ತಿಂದ ಇಟಾಲಿಯನ್ ಗೆಳೆಯರು ಇಷ್ಟು ವರ್ಷ ಸುಮ್ಮನೆ ಇವರ ಕೈಗೆ ಕೋವಿ ಕೊಟ್ಟು ತಪ್ಪು ಮಾಡಿದೆವು ಎಂದರಂತೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ಇಬ್ಬರೂ ನಮ್ಮ ನಮ್ಮ ಮನೆ ಮುಂದಿನ ಹಿಮ ಎತ್ತಿ ಹಾಕುತ್ತಿದ್ದೆವು. ಯಾವುದೋ ಮಾತಿನ ನಡುವೆ ಅವರು ಸಲಿಕೆ ಊರಿ ನಿಂತರು.

"ಅವತ್ತು ನೀನು ತೊಳೆದೆ ಅಂದಿದ್ರೆ ನಾನು ನಂಬಿಬಿಡ್ತಿದ್ದೆ, ಗೊತ್ತಾ?"

ಇಷ್ಟು ಹೇಳಿ ಮತ್ತೆ ಹಿಮಕ್ಕೆ ಕೈ ಹಾಕಿದರು. ನಾನು ಸಲಿಕೆ ಹಿಡಿದು ಅಲ್ಲೇ ನಿಂತೆ. ಏನು ಕೇಳಿದರೂ ಎದ್ದು ಹೋಗಿ ಕಣ್ಣಾರೆ ನೋಡಿ ಬಂದೇ ಉತ್ತರ ಕೊಡುವ ಮನುಷ್ಯ, ತಮಗೆ ಎಲ್ಲಕ್ಕಿಂತ ಪ್ರಿಯವಾದ ವಿಷಯದಲ್ಲಿ ನೋಡಲು ಹೋಗದೆ ನನ್ನನ್ನು ಕೇಳಿದ್ದರು.