ಪಟ್ಟದ ಗೊಂಬೆಯ ಪೆಟ್ಟಿಗೆ

ನಮ್ಮ ಯಜಮಾನರು ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಮನೆಯೊಳಗೆ ಕಾಲಿಟ್ಟರೆ ಮಾತ್ರ ಅವರ ಹಳ್ಳಿಯ ಮಾತೇ. ‘ಕಾಪಿ ಕೊಟ್ಬುಡೇ’ ಎಂದು ಕೂಗಿದರೆ ಕಾಲೇಜು ಮುಗಿಯಿತು ಎಂದರ್ಥ. ರಿಟೈರಾದ ಮೇಲೆ ತಮ್ಮ ಬದುಕನ್ನೇ ಕನ್ನಡದಲ್ಲಿ ಬರೆಯಲು ಕೂತರು. ಒಳ್ಳೆ ಬಿಳಿ ಹಾಳೆ, ಒಂದೇ ಮಗ್ಗುಲು, ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಪುಟಸಂಖ್ಯೆ. ಒಂದು ಜೆರಾಕ್ಸ್ ಮಾಡಿಸಿಡಿ ಎಂದು ಬಾಯಿ ನೋಯುವಷ್ಟು ಹೇಳಿದೆ. ಕೇಳಬೇಕಲ್ಲ!

ಬೇಸಿಗೆಯಲ್ಲಿ ಲಕ್ಷ್ಮೀಪುರಂನ ಬಾಡಿಗೆ ಮನೆ ಬಿಟ್ಟು ಶ್ರೀರಾಂಪುರದ ನಮ್ಮದೇ ಪುಟ್ಟ ಮನೆಗೆ ಬಂದೆವು. ಬಂದ ಸ್ವಲ್ಪ ದಿನಕ್ಕೇ ಅವರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತೂ ಬಂತು. ಬಲಗೈ ಮಾತ್ರ ಪೆನ್ನು ಹಿಡಿಯಲೊಲ್ಲದು. ಮನೆ ಬದಲಾಯಿಸಿದ ದಿನಗಳದ್ದೊಂದೂ ನೆನಪಿಲ್ಲ. ಆಸ್ಪತ್ರೆಯಿಂದ ಬಂದವರು ಮೊದಲು ಕೇಳಿದ್ದು, ‘ನನ್ನ ಕಾಗದ ಎಲ್ಲೇ?’

ಬೀರು, ಅಟ್ಟ, ಅಕ್ಕಿ ಡಬ್ಬದ ಹಿಂದೆ, ಎಲ್ಲ ಕಡೆ ಹುಡುಕಿದೆ. ಸಾಮಾನು ಸಾಗಿಸಿದ ಲಾರಿಯವನಿಗೆ ಫೋನ್ ಮಾಡಿ ಜಗಳವಾಡಿದೆ, ಪಾಪ. ಹಳೇ ಮನೆಯ ಓನರಮ್ಮ, ‘ಇಲ್ಲೇನೂ ಇಲ್ಲ ಕಣಮ್ಮ, ಬೇಕಾದ್ರೆ ಬಂದು ನೋಡ್ಕೊಳಿ’ ಎಂದರು. ಹೋಗಿ ನೋಡಿಯೂ ಬಂದೆ. ಯಜಮಾನರು ‘ಹೋಗ್ಲಿ ಬುಡು’ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಫಿಸಿಯೋಥೆರಪಿಯಾಕೆ ಬಂದರೆ ಕೈಯನ್ನೇ ಕೊಡರು. ಬರೆಯಲು ಏನೂ ಇಲ್ಲದ ಮೇಲೆ ಕೈ ಯಾತಕ್ಕಂತೆ! ಇವರು ಹೀಗೇ ಮಲಗಿಬಿಟ್ಟರೆ ಎಂದು ನನಗೆ ಹೆದರಿಕೆ ಹತ್ತಿತು.

ನವರಾತ್ರಿ ಬಂತು. ಗೊಂಬೆ ಕೂರಿಸುವ ಮನಸ್ಸಿರಲಿಲ್ಲ. ಆದರೆ ಪಟ್ಟದ ಗೊಂಬೆ ನನ್ನಮ್ಮ ಮದುವೆಯಲ್ಲಿ ಕೊಟ್ಟದ್ದು, ರಾಜ ರಾಣಿಯನ್ನಾದರೂ ಕೂರಿಸದಿದ್ದರೆ ಹೇಗೆ? ನಮ್ಮಲ್ಲಿ ಹಬ್ಬ ಮುಗಿದು ಪೆಟ್ಟಿಗೆ ಮುಚ್ಚಿದರೆ ಮತ್ತೆ ಹಬ್ಬಕ್ಕೇ ತೆಗೆಯುವುದು. ಮನೆ ಬದಲಾಯಿಸುವಾಗ ಮಾತ್ರ, ಒಡೆಯಬಾರದೆಂದು ಇನ್ನೊಂದು ಸುತ್ತು ಸುತ್ತಬೇಕಾಗಿತ್ತು. ನಾನು ಪಾತ್ರೆ ಕಟ್ಟುತ್ತಿದ್ದೆ, ಇವರೇ ‘ನಾನು ಸುತ್ತುತೀನಿ ಬುಡು’ ಎಂದಿದ್ದರು. ‘ನ್ಯೂಸ್‌ಪೇಪರ್ ಬೇಡ, ರಾಣಿ ಸೀರೆಗೆ ಮಸಿ ಹತ್ತುತ್ತೆ’ ಎಂದು ಅಡುಗೆಮನೆಯಿಂದಲೇ ಕೂಗಿದ್ದೆ. ಆಮೇಲೆ ಆ ಪೆಟ್ಟಿಗೆಯನ್ನು ಲಾರಿಗೆ ಹಾಕಗೊಡದೆ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ.

ಮುಚ್ಚಳ ತೆಗೆದೆ. ಒಂದೊಂದು ಗೊಂಬೆಗೂ ಬಿಳಿ ಹಾಳೆ, ಮೇಲೆ ಪರೀಕ್ಷೆಯ ಉತ್ತರಪತ್ರಿಕೆ ಕಟ್ಟುವ ದಾರ, ಅವರದೇ ಗಂಟು. ರಾಣಿಯನ್ನು ಬಿಚ್ಚಿದೆ. ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಅಂಕಿ. ಅಯ್ಯೋ ನನ್ನಪ್ಪಾ!

‘ರೀ! ಬನ್ರೀ ಇಲ್ಲಿ!’

ಗೋಡೆ ಹಿಡಿದುಕೊಂಡು ಬಂದರು. ಹಾಳೆ ಮುಟ್ಟಿದರು, ಗಂಟು ನೋಡಿದರು. ನೋಡುತ್ತ ನೋಡುತ್ತ ಮುಖ ಅರಳಿತು.

‘ನಾನೇ ಸುತ್ತಿದ್ದು ಕಣೇ. ನ್ಯೂಸ್‌ಪೇಪರ್ ಬ್ಯಾಡ ಅಂತ ಅಡುಗೆಮನೆಯಿಂದ ಕೂಗ್ಕೊಂಡೆಯಲ್ಲ!’

ನೆನಪು ಬಂದಿತ್ತು. ನನಗೆ ಸಂತೋಷವೂ ಬಂತು, ಸಿಟ್ಟೂ ಬಂತು.

‘ಅದಕ್ಕೆ ಇದೇ ಕಾಗದ ಬೇಕಿತ್ತೇನ್ರೀ? ತಲೆ ನೆಟ್ಟಗಿತ್ತಾ ನಿಮಗೆ?’

‘ಈ ಪೆಟ್ಟಿಗೆನ ನೀನು ಯಾರ ಕೈಗೂ ಕೊಡಕಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಇದ್ರಲ್ಲಿಟ್ಟೆ. ಅಂಗೂ ಹಾಳೆ ಹರಿದ್ರೆ ಮತ್ತೆ ಬರೀಬೋದು. ನಿಮ್ಮಮ್ಮನ ಗೊಂಬೆ ಒಡೆದ್ರೆ ಎಲ್ಲಿಂದ ತರ್ಲಿ?’

ಬಯ್ಯಲು ಬಾಯಿ ತೆರೆದವಳು ಅತ್ತುಬಿಟ್ಟೆ. ಅಬ್ಬಾ, ಅಷ್ಟು ತಿಂಗಳಿನ ಭಾರ ಒಮ್ಮೆಗೇ ಇಳಿಯಿತು.

ಅವರು ನೆಲದ ಮೇಲೆ ಕಾಲು ಚಾಚಿ ಕೂತು ಒಂದು ಸಿಪಾಯಿ ಗೊಂಬೆಯನ್ನು ಎತ್ತಿಕೊಂಡರು. ‘ತಡೀರಿ, ನಾನು ಬಿಚ್ತೀನಿ’ ಎಂದೆ.

‘ಬ್ಯಾಡ. ನನ್ನ ಗಂಟು ನನಗೇ ಗೊತ್ತು.’

ಬಲಗೈ ಬೆರಳು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಆ ಒಂದು ಗಂಟು ಸಡಿಲವಾಗುವಷ್ಟರಲ್ಲಿ ನನ್ನ ಒಲೆಯ ಮೇಲಿನ ಸಾರು ತಳ ಹಿಡಿದಿತ್ತು. ಹಿಡಿಯಲಿ ಬಿಡಿ ಎಂದು ನಾನೂ ಏಳಲಿಲ್ಲ.

ಮರುದಿನ ಫಿಸಿಯೋಥೆರಪಿಯಾಕೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ, ಇವರು ಬಲಗೈ ಮುಂದೆ ಚಾಚಿಕೊಂಡು ಕೂತಿದ್ದರು.