ಅತ್ತೆಯ ಹನ್ನೊಂದು, ನನ್ನ ಎಪ್ಪತ್ತಾರು

ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಬ್ರೌಸರ್ ಮೇಲೆ ಕ್ಲಿಕ್ ಮಾಡಿದೆ. ಎದ್ದು ಅಡುಗೆಮನೆಗೆ ಹೋಗಿ ಒಂದು ಕಟ್ಟು ದಂಟಿನ ಸೊಪ್ಪು ಬಿಡಿಸಿ, ತೊಳೆದು, ಹೆಚ್ಚಿ, ಬೇಯಲು ಇಟ್ಟು ಬಂದೆ. ಪರದೆಯ ಮೇಲೆ ಆ ಸಣ್ಣ ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಸೊಪ್ಪು ಬೆಂದಿತು. ಸಾರಿಗೆ ಒಗ್ಗರಣೆಯೂ ಬಿತ್ತು. ಆಗ ಬಂತು ನೋಡಿ ಪೇಜು, ಅದೂ ಅರ್ಧ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ನಮ್ಮದು ಒಂಬತ್ತು ವರ್ಷದ ಲ್ಯಾಪ್‌ಟಾಪ್. ಕೀಬೋರ್ಡಿನ ಅರ್ಧ ಅಕ್ಷರಗಳು ಅಳಿಸಿಹೋಗಿವೆ. ಚಾರ್ಜರ್ ವೈರಿಗೆ ಕಪ್ಪು ಟೇಪಿನ ಬ್ಯಾಂಡೇಜು. ಒಳಗಿನ ಫ್ಯಾನ್ ಶುರುವಾದರೆ ಪಕ್ಕದ ರೂಮಿನವರು ಮಿಕ್ಸಿ ಆಫ್ ಮಾಡು ಎನ್ನಬೇಕು. (ನಮ್ಮವರು ಒಂದು ಸಲ ನಿಜಕ್ಕೂ ಅಂದರು.) ಆದರೂ ಈ ಅಂಕಣ ಪ್ರತಿ ವಾರ ನಿಮ್ಮನ್ನು ತಲುಪುವುದು ಅದರ ಹೊಟ್ಟೆಯಿಂದಲೇ.

ನಾನು ಸುಮ್ಮನೆ ಕೂರುವವಳಲ್ಲ. ಖುದ್ದು ರಿಪೇರಿಗೆ ಇಳಿದೆ.

ಮೊದಲು ಆಫ್ ಮಾಡಿ ಆನ್ ಮಾಡಿದೆ. ನಮಗೆಲ್ಲ ಗೊತ್ತಿರುವ ಚಿಕಿತ್ಸೆ ಅದೊಂದೇ ತಾನೆ? ಏನೂ ಆಗಲಿಲ್ಲ. ಬ್ರೌಸರ್ ಕೂಡಿಟ್ಟ ಕ್ಯಾಶ್ ಕ್ಲಿಯರ್ ಮಾಡಿ ಎಂದು ಯಾರೋ ಹೇಳಿದರು. ಉತ್ಸಾಹದಲ್ಲಿ ಕಂಡಿದ್ದಕ್ಕೆಲ್ಲ ಟಿಕ್ ಹಾಕಿ ಕ್ಲಿಯರ್ ಮಾಡಿದೆ. ಪಾಸ್‌ವರ್ಡುಗಳೆಲ್ಲ ಹೋದವು, ನಿಧಾನ ಮಾತ್ರ ಉಳಿಯಿತು. ಆಮೇಲೆ ನಿಮ್ಮ ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆ ಎಂದು ಕರೆಯುತ್ತಿದ್ದ ಒಂದು ಸಾಫ್ಟ್‌ವೇರ್ ಇಳಿಸಿಕೊಂಡೆ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಒಂದೇ ಕುಂಟುತ್ತಿತ್ತು, ಈಗ ಅದರ ಜೊತೆ ಈ ಸಾಫ್ಟ್‌ವೇರೂ ಕುಂಟತೊಡಗಿತು. ಕೊನೆಗೆ ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಹಳೆಯ ಟೂತ್‌ಬ್ರಶ್ಶಿನಿಂದ ಫ್ಯಾನಿನ ಕಿಂಡಿಯ ಧೂಳು ತೆಗೆದೆ. ಧೂಳಿನ ಜೊತೆ ಎರಡು ಸಾಸಿವೆ ಕಾಳೂ ಬಂದವು.

ಏನು ಮಾಡಿದರೂ ಸರಿಹೋಗದಿದ್ದಾಗ ನಾವೆಲ್ಲ ಏನು ಮಾಡುತ್ತೇವೆ? ತಪ್ಪನ್ನು ಯಾರ ಮೇಲೆ ಹಾಕೋಣ ಎಂದು ಸುತ್ತ ನೋಡುತ್ತೇವೆ.

ನಮ್ಮ ಮನೆಯಲ್ಲಿ ಈ ಲ್ಯಾಪ್‌ಟಾಪ್ ಮುಟ್ಟುವವರು ಇಬ್ಬರೇ. ನಾನು, ನಮ್ಮತ್ತೆ. ಅತ್ತೆಗೆ ಎಪ್ಪತ್ತೆಂಟು. ಮೂವತ್ತೈದು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ದೇವರಾಜ ಮೊಹಲ್ಲಾದ ನಮ್ಮ ಬೀದಿಯ ತುದಿಯಲ್ಲೇ ಒಂದು ಸಣ್ಣ ದೇವಸ್ಥಾನವಿದೆ. ಒಂಬತ್ತೇ ಮೆಟ್ಟಿಲು. ಕಳೆದ ವರ್ಷದಿಂದ ಮಂಡಿ ನೋವು ಹೆಚ್ಚಾಗಿ ಆ ಒಂಬತ್ತು ಹತ್ತುವುದೂ ನಿಂತುಹೋಯಿತು. ಕಣ್ಣಿನ ಆಪರೇಷನ್ ಆದ ಮೇಲೆ ಫೋನಿನ ಪುಟ್ಟ ಪರದೆಯೂ ಒಗ್ಗಲಿಲ್ಲ. ಹಾಗಾಗಿ ಈ ರಗಳೆಗೆ ಹತ್ತು ಹನ್ನೆರಡು ದಿನ ಮೊದಲಷ್ಟೇ ನಾನೇ ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ದೇವಸ್ಥಾನಗಳ ಲೈವ್ ದರ್ಶನದ ಐಕಾನುಗಳನ್ನು ಇಟ್ಟುಕೊಟ್ಟಿದ್ದೆ. ಸೋಮವಾರ ಶಿವ, ಮಂಗಳವಾರ ದೇವಿ, ಗುರುವಾರ ರಾಯರು, ಶನಿವಾರ ಆಂಜನೇಯ. ದಿನಾ ಸ್ನಾನ ಮುಗಿಸಿ ಬಂದು ಕೂತರೆ ಅರ್ಧ ಗಂಟೆ ಆ ಪರದೆಯೇ ಅವರ ದೇವಸ್ಥಾನ.

ಅವತ್ತು ನನ್ನ ಬಾಯಿ ಸುಮ್ಮನಿರಲಿಲ್ಲ.

"ನೀವು ಸಿಕ್ಸಿಕ್ಕಿದ್ದೆಲ್ಲ ಒತ್ತಿರ್ತೀರಾ ಅತ್ತೆ. ಅದಕ್ಕೇ ಇದು ಹಿಂಗಾಗಿರೋದು" ಅಂದೆ.

ಪೇಪರಿನ ಹಿಂದಿನಿಂದ ನಮ್ಮವರ ತೀರ್ಪೂ ಬಂತು. ಅದಕ್ಕೆ ವಯಸ್ಸಾಯಿತು, ಕೊಟ್ಟುಬಿಡೋಣ, ನಿನಗೊಂದು ಹೊಸದು ಬರಲಿ, ಅಮ್ಮನಿಗೆ ಫೋನಿಗೊಂದು ಸ್ಟ್ಯಾಂಡ್ ತಂದರಾಯಿತು ಎಂದರು.

ಮಾರನೇ ದಿನ ಸ್ನಾನ ಮುಗಿಸಿ ಬಂದ ಅತ್ತೆ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತರು. ಅದರ ಮಾರನೇ ದಿನವೂ ಅಷ್ಟೆ. ದರ್ಶನ ಮಾಡಲ್ವಾ ಎಂದು ಕೇಳಿದರೆ, "ಬೇಡ ಬುಡಮ್ಮ, ನಿಂಗೆ ಬರೆಯೋ ಕೆಲಸ ಇರತ್ತೆ" ಅಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಸಂಕಟಕ್ಕೇ ಲ್ಯಾಪ್‌ಟಾಪನ್ನು ಒಂದು ಸಲ ತಿಳಿದವರಿಗೆ ತೋರಿಸೋಣ ಎಂದು ಹೊರಟೆ. ರಾಜೀವನಗರದಲ್ಲಿ ನಸೀಮಾ ಎಂಬ ಹೆಂಗಸು ಮನೆಯ ಮುಂದಿನ ಕೋಣೆಯಲ್ಲೇ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾರೆ, ಸುಮ್ಮಸುಮ್ಮನೆ ಪಾರ್ಟ್ ಬದಲಾಯಿಸುವವರಲ್ಲ ಎಂದು ನನ್ನ ಬ್ಲೌಸ್ ಹೊಲಿಯುವವರು ಹೇಳಿದ್ದರು. ಚಪ್ಪಲಿ ಮೆಟ್ಟುತ್ತಿದ್ದೆ. ನೋಡಿದರೆ ಅತ್ತೆಯೂ ಸೀರೆ ಬದಲಾಯಿಸಿ, ಕೋಲು ಹಿಡಿದು ನಿಂತಿದ್ದಾರೆ.

"ನಾನೂ ಬರ್ತೀನಿ. ಹಾಳು ಮಾಡಿದ್ದು ನಾನೇನಾ ಅಂತ ನನ್ನ ಕಿವೀಲೇ ಕೇಳ್ಬೇಕು" ಅಂದರು.

ಆಟೋದಲ್ಲಿ ಅವರು ಲ್ಯಾಪ್‌ಟಾಪಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ನಾನು ರಸ್ತೆ ನೋಡುತ್ತಾ ಕೂತೆ.

ನಸೀಮಾ ನಲವತ್ತರ ಆಸುಪಾಸಿನವರು. ತಲೆಯ ಮೇಲೆ ದುಪಟ್ಟಾ, ಅದರ ಮೇಲಕ್ಕೆ ಏರಿಸಿದ ಕನ್ನಡಕ. ಮೇಜಿನ ಮೇಲೊಂದು ಒಗ್ಗರಣೆ ಡಬ್ಬಿ. ಅದರ ಬಟ್ಟಲುಗಳಲ್ಲಿ ಸಾಸಿವೆ ಜೀರಿಗೆಯ ಬದಲು ಬೇರೆ ಬೇರೆ ಅಳತೆಯ ಸ್ಕ್ರೂಗಳು. (ನನಗೆ ಅಲ್ಲೇ ಅವರ ಮೇಲೆ ಪೂರ್ತಿ ನಂಬಿಕೆ ಬಂದುಬಿಟ್ಟಿತು.) ಅವರು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಲಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿ, ಚಕ್ರ ತಿರುಗಿ ಮುಗಿಯುವವರೆಗೂ ಕೈಕಟ್ಟಿ ಕಾದರು. ಅಷ್ಟು ಸಮಾಧಾನದಿಂದ ಆ ಚಕ್ರವನ್ನು ನೋಡಿದವರು ಬಹುಶಃ ಅವರೊಬ್ಬರೇ.

ಆಮೇಲೆ ಒಂದೆರಡು ಕೀ ಒತ್ತಿ, ಯಾವುದೋ ಪಟ್ಟಿ ನೋಡಿ, ಮೆಷಿನ್‌ಗೆ ಏನೂ ಆಗಿಲ್ಲ, ಹೊರೆ ಜಾಸ್ತಿಯಾಗಿದೆ ಎಂದರು. ಪರದೆಯ ಕೆಳಗಿನ ಪಟ್ಟಿಯಲ್ಲಿ ಬ್ರೌಸರಿನ ಗುರುತಿನ ಮೇಲೆ ಕ್ಲಿಕ್ ಮಾಡಿದರು. ಅಡಗಿದ್ದ ವಿಂಡೋಗಳು ಒಂದೊಂದಾಗಿ ಮೇಲೆದ್ದವು.

ಶಿವ. ದೇವಿ. ರಾಯರು. ಆಂಜನೇಯ. ಮತ್ತೆ ಶಿವ. ಒಟ್ಟು ಹನ್ನೊಂದು ವಿಂಡೋ, ಹನ್ನೊಂದು ಲೈವ್ ದರ್ಶನ. ಒಂದರಲ್ಲಿ ಹಾಲಿನ ಅಭಿಷೇಕ, ಇನ್ನೊಂದರಲ್ಲಿ ಮಂಗಳಾರತಿ, ಮತ್ತೊಂದರಲ್ಲಿ ಬರೀ ಪರದೆ ಎಳೆದ ಬಾಗಿಲು. ಸೌಂಡ್ ಆಫ್ ಆಗಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೂ, ಬಿಟ್ಟ ಜಾಗದಿಂದಲೇ ಶುರುಮಾಡು ಎಂಬ ಸೆಟ್ಟಿಂಗ್‌ನ ದೆಸೆಯಿಂದ ಎಲ್ಲರೂ ಮರಳಿ ಬರುತ್ತಿದ್ದರು. ಪಾಪ, ಒಂಬತ್ತು ವರ್ಷದ ಲ್ಯಾಪ್‌ಟಾಪ್ ಹಗಲೆಲ್ಲ ಹನ್ನೊಂದು ದೇವಸ್ಥಾನ ನಡೆಸುತ್ತಿತ್ತು.

ಇವನ್ನು ಯಾರು ನೋಡ್ತಾರೆ ಎಂದು ನಸೀಮಾ ಕೇಳಿದರು. ಅತ್ತೆ, ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಳ್ಳುವ ಮಗುವಿನ ಹಾಗೆ, ಅರ್ಧ ಕೈ ಎತ್ತಿದರು.

"ನಾನೇ ಕಣಮ್ಮ. ಮುಚ್ಚೋಕೆ ಆ ಮೂಲೇಲಿರೋ ಇಂಟು ಮಾರ್ಕು ಒತ್ತಬೇಕಂತೆ. ಮೂವತ್ತೈದು ವರ್ಷ ಮಕ್ಕಳ ತಪ್ಪು ಲೆಕ್ಕಕ್ಕೆ ಇಂಟು ಹಾಕಿದೀನಿ. ದೇವ್ರ ನೆತ್ತಿ ಮೇಲೆ ಹೆಂಗಮ್ಮ ಹಾಕ್ಲಿ? ಪಕ್ಕದಲ್ಲೊಂದು ಗೀಟು ಇದೆಯಲ್ಲ, ಅದನ್ನ ಒತ್ತಿದ್ರೆ ಕೆಳಗೆ ಹೋಗಿ ಕೂತ್ಕೋತಾನೆ. ದಿನಾ ಹಂಗೇ ಮಾಡ್ತಿದ್ದೆ."

ನನಗೆ ನಗು ಉಕ್ಕಿತು. ನಸೀಮಾ ನಗಲಿಲ್ಲ. ಹಾಗಾಗಿ ನಾನೂ ನುಂಗಿಕೊಂಡೆ.

ಅವರು ತಮ್ಮ ಸ್ಟೂಲನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಅಮ್ಮ, ನಮ್ಮನೇಲಿ ದಿನಾ ಕುರಾನ್ ಓದ್ತೀವಿ. ಓದಿ ಆದ್ಮೇಲೆ ಹಂಗೇ ತೆರೆದಿಟ್ಟು ಎದ್ದು ಹೋಗಲ್ಲ. ಮುಚ್ಚಿ, ಬಟ್ಟೆ ಸುತ್ತಿ, ಎತ್ತರದಲ್ಲಿ ಇಡ್ತೀವಿ. ಮುಚ್ಚೋದೂ ಮರ್ಯಾದೆನೇ ಅಮ್ಮ."

ನಮ್ಮಲ್ಲೂ ಮಂಗಳಾರತಿ ಆದ ಮೇಲೆ ಗರ್ಭಗುಡಿ ಬಾಗಿಲು ಹಾಕುತ್ತಾರಲ್ಲ ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡರು. ಆದರೂ ಆ ಇಂಟು ಮಾತ್ರ ತಮ್ಮ ಕೈಯಲ್ಲಿ ಆಗದು ಎಂದರು. ಅದಕ್ಕೂ ಪರಿಹಾರವಿತ್ತು. ಇಂಟು ಮುಟ್ಟಲೇಬೇಡಿ ಎಂದು ನಸೀಮಾ ಕೀಬೋರ್ಡಿನ ಎರಡು ಕೀ ತೋರಿಸಿ, ಅವುಗಳ ಮೇಲೆ ಕೆಂಪು ಸ್ಟಿಕ್ಕರಿನ ಚುಕ್ಕಿ ಅಂಟಿಸಿದರು. ಎರಡನ್ನೂ ಒಟ್ಟಿಗೆ ಒತ್ತಿದರೆ ಬಾಗಿಲು ಹಾಕಿದ ಹಾಗೆ.

ಅತ್ತೆ ಮೊದಲನೇ ಶಿವನಿಗೆ ಕೈಮುಗಿದರು. ಕಣ್ಣು ಮುಚ್ಚಿ ಏನೋ ಅಂದುಕೊಂಡರು. ಎರಡು ಬೆರಳು ಇಟ್ಟು ಒತ್ತಿದರು. ಆಮೇಲೆ ದೇವಿ, ಆಮೇಲೆ ರಾಯರು. ಯಾರಿಗೂ ಒಂದು ನಮಸ್ಕಾರ ಕಡಿಮೆಯಾಗಲಿಲ್ಲ. ಹನ್ನೊಂದು ಮುಗಿಯುವಷ್ಟರಲ್ಲಿ ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಫ್ಯಾನಿನ ಅಬ್ಬರ ಇಳಿದಿತ್ತು.

ನನ್ನೊಳಗಿನ ಸಣ್ಣತನ ಆಗಲೂ ಸುಮ್ಮನಿರಲಿಲ್ಲ. ನೋಡಿದ್ರಾ ಅತ್ತೆ, ನಾನು ಹೇಳಿರಲಿಲ್ವಾ ಎನ್ನುವ ಮುಖ ಮಾಡಿಕೊಂಡು ನಿಂತಿದ್ದೆ.

"ಇನ್ನೂ ಮುಗಿದಿಲ್ಲ ಮೇಡಂ" ಅಂದರು ನಸೀಮಾ. "ಇದು ನಿಮ್ಮದಲ್ವಾ?"

ನನ್ನ ವಿಂಡೋ. ಅದರ ನೆತ್ತಿಯ ಮೇಲೆ ಟ್ಯಾಬುಗಳು ಎಷ್ಟು ಒತ್ತಾಗಿದ್ದವೆಂದರೆ ಹೆಸರು ಕಾಣುತ್ತಿರಲಿಲ್ಲ, ಬರೀ ಗೆರೆಗಳು. ನಸೀಮಾ ಎಣಿಸಿದರು. ಎಪ್ಪತ್ತಾರು. ಯಾವುದು ಬೇಕು ಯಾವುದು ಬೇಡ ಎಂದು ಒಂದೊಂದೇ ಹೆಸರು ಓದತೊಡಗಿದರು. ಸಿರಿಧಾನ್ಯದ ಇಡ್ಲಿ. ಬೇಕು. ಕಡಿಮೆ ನಿದ್ದೆಯಿಂದ ಆಗುವ ತೊಂದರೆಗಳು. ಬೇಕು. ಹೋಗದೇ ಉಳಿದ ಒಂದು ಪ್ರವಾಸದ ಹೋಂಸ್ಟೇ. ಇರಲಿ. ಮನೆ ಅಚ್ಚುಕಟ್ಟಾಗಿಡುವ ಹತ್ತು ಸೂತ್ರಗಳು. (ಇದು ಎರಡು ಕಡೆ ತೆರೆದಿತ್ತು.) ಎಲ್ಲವೂ ಆಮೇಲೆ ಓದೋಣ ಎಂದು ಇಟ್ಟವೇ. ಆ ಆಮೇಲೆ ಎನ್ನುವುದು ನಿಮ್ಮ ಮನೆಗಾದರೂ ಎಂದಾದರೂ ಬಂದಿದೆಯಾ?

ಆಗ ನಸೀಮಾ ಓದಿದರು: ಮಂಡಿ ನೋವಿಗೆ ಮನೆಯಲ್ಲೇ ಸರಳ ವ್ಯಾಯಾಮ, ಕುರ್ಚಿಯಲ್ಲಿ ಕೂತು ಮಾಡುವಂಥದ್ದು.

ಆ ಟ್ಯಾಬ್ ತೆರೆದದ್ದು ಕಳೆದ ವರ್ಷ, ಡಾಕ್ಟರು ಅತ್ತೆಗೆ ಮೆಟ್ಟಿಲು ಹತ್ತಬೇಡಿ, ವ್ಯಾಯಾಮ ಮಾಡಿಸಿ ಎಂದು ಹೇಳಿ ಕಳಿಸಿದ ಸಂಜೆ. ನಾಳೆಯಿಂದ ಶುರುಮಾಡಿಸೋಣ ಎಂದುಕೊಂಡಿದ್ದೆ.

"ಯಾರಿಗಮ್ಮ ಅದು?" ಎಂದು ಅತ್ತೆ ಕೇಳಿದರು.

"ನಿಮಗೇ ಅತ್ತೆ."

"ನಂಗೆ ತೋರಿಸ್ಲೇ ಇಲ್ವಲ್ಲ."

ಅಷ್ಟೇ ಅಂದದ್ದು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಳುವೂ ಬಂತು, ಆದರೆ ಅಳುವ ಹಕ್ಕು ನನ್ನದಾಗಿರಲಿಲ್ಲ. ಅತ್ತೆ ತೆರೆದ ಹನ್ನೊಂದನ್ನೂ ಮನಸ್ಸಿಟ್ಟು ನೋಡಿದ್ದರು, ಮುಚ್ಚಲು ಮನಸ್ಸು ಬಾರದೆ ಉಳಿಸಿಕೊಂಡಿದ್ದರು. ನಾನು ತೆರೆದಿಟ್ಟದ್ದನ್ನೇ ಮಾಡಿ ಮುಗಿಸಿದ್ದು ಎಂದುಕೊಂಡು ಒಂದು ವರ್ಷ ಆರಾಮಾಗಿ ಓಡಾಡಿಕೊಂಡಿದ್ದೆ.

ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿಬಿಡಿ ಎಂದೆ. ಒಂದೇ ಕ್ಲಿಕ್. ಎಪ್ಪತ್ತೈದೂ ಕಣ್ಣು ಮಿಟುಕಿಸುವುದರೊಳಗೆ ಹೋದವು. ಕೈಮುಗಿಯುವಂಥದ್ದು ಅದರಲ್ಲೇನೂ ಇರಲಿಲ್ಲ ಎಂದುಕೊಂಡೆ. ವೇಗ ಹೆಚ್ಚಿಸುವ ಆ ಸಾಫ್ಟ್‌ವೇರನ್ನೂ ಕಿತ್ತುಹಾಕಿದ ನಸೀಮಾ, ಇನ್ನೆರಡು ವರ್ಷಕ್ಕೆ ಮೋಸವಿಲ್ಲ ಎಂದು ಕೊಟ್ಟು ಕಳಿಸಿದರು. ಹೊರಡುವಾಗ ಅತ್ತೆ, ಹಾಳು ಮಾಡಿದ್ದು ನಾನಲ್ಲ ತಾನೇ ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡರು. ಅಲ್ಲವೇ ಅಲ್ಲ ಎಂದು ಹೇಳಿದವಳು ನಾನು.

ಇದೆಲ್ಲ ಆಗಿ ಮೂರು ವಾರವಾಯಿತು. ಈಗ ನಾನು ಸೊಪ್ಪಿನ ಕಟ್ಟು ಬಿಚ್ಚುವಷ್ಟರಲ್ಲಿ ಪೇಜು ಬಂದಿರುತ್ತದೆ. ಹೊಸ ಲ್ಯಾಪ್‌ಟಾಪಿನ ಮಾತು ಮನೆಯಲ್ಲಿ ನಿಂತಿದೆ. ಅತ್ತೆ ದಿನಾ ದರ್ಶನ ಮುಗಿಸಿ, ಕೈಮುಗಿದು, ಎರಡು ಕೆಂಪು ಚುಕ್ಕಿ ಒತ್ತುತ್ತಾರೆ. ಆಮೇಲೆ ಆ ಉಳಿದ ಒಂದು ಟ್ಯಾಬ್ ತೆರೆಸಿ ನನ್ನನ್ನೂ ಕರೆಯುತ್ತಾರೆ. ಇಬ್ಬರೂ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕಾಲು ಎತ್ತಿ ಇಳಿಸುತ್ತೇವೆ. ಲೆಕ್ಕ ಅವರದು. ನಾನು ಒಂದು ಹಾರಿಸಿದರೆ ಮೊದಲಿನಿಂದ ಎಣಿಸುತ್ತಾರೆ.

ಮೊನ್ನೆ ಶನಿವಾರ ನನ್ನ ಭುಜ ಹಿಡಿದುಕೊಂಡು ಬೀದಿ ತುದಿಯವರೆಗೂ ನಡೆದರು. ಒಂಬತ್ತರಲ್ಲಿ ಮೂರು ಮೆಟ್ಟಿಲು ಹತ್ತಿದರು. ಅಲ್ಲೇ ಕೂತು ದಣಿವಾರಿಸಿಕೊಂಡು, ಇನ್ನು ಆರೇ ಎಂದರು. ನನಗಾದ ಸಂತೋಷ ಹೇಳತೀರದು, ಹೆಮ್ಮೆಯೂ ಸ್ವಲ್ಪ ಇತ್ತು. ಅದು ಮುಖದ ಮೇಲೆ ಕಂಡಿತೋ ಏನೋ. ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿ ಕೇಳಿದರು:

"ಅವತ್ತು ಒಂದೇ ಸಲಕ್ಕೆ ಎಪ್ಪತ್ತೈದು ಮುಚ್ಚಿಸ್ದೆಯಲ್ಲಮ್ಮ, ಅದರಲ್ಲಿ ಇನ್ಯಾರ ಮಂಡಿ ಇತ್ತು ಅಂತ ನೋಡ್ದ್ಯಾ?"